ಉದ್ಯಮಶೀಲತೆ: ಮೇಷ್ಟ್ರಿಲ್ಲದೆ ಓದಿ ಕಲಿಯುವ ಘಟಕ ಹೇಗಿರಬೇಕು?

ಪ್ರಶ್ನೆ (ವಿಜಯಪುರ, ಉಪನ್ಯಾಸಕಿ)
ಬಿ.ಕಾಂ. ಕೊನೆಯ ವರ್ಷದವರಿಗೆ ಸ್ವಕಲಿಕೆ ಘಟಕ ಬರೆಯಬೇಕಾಗಿದೆ. ಇಂಡಿ, ಸಿಂದಗಿ ಕಡೆಯಿಂದ ಬಸ್ಸಿಗೆ ಬರುವ ಮಕ್ಕಳೇ ಹೆಚ್ಚು, ಓದುವುದು ಫೋನಿನಲ್ಲಿ. ವ್ಯಾಖ್ಯೆ ಬಾಯಿಪಾಠ ಮಾಡುತ್ತಾರೆ, ಬ್ರೇಕ್ ಈವನ್ (ಲಾಭವೂ ಇಲ್ಲ, ನಷ್ಟವೂ ಇಲ್ಲ ಎನ್ನುವಷ್ಟು ಮಾರಾಟ) ಲೆಕ್ಕ ಬಂದರೆ ಕೈ ಕಟ್ಟಿ ಕೂಡುತ್ತಾರೆ. ಏನು ಮಾಡಬೇಕು?

ಉತ್ತರ (ಬಾಗಲಕೋಟೆ)
ಮೇಡಂ, ವ್ಯಾಖ್ಯೆಯಿಂದ ಶುರು ಮಾಡಬ್ಯಾಡ್ರಿ. ಮೊದಲ ಪುಟದಲ್ಲೇ ಖಡಕ್ ರೊಟ್ಟಿ ಇಡ್ರಿ. ಲೆಕ್ಕಕ್ಕೆ ಹೀಗೆ ಹಿಡಿಯೋಣ: ಒಂದು ರೊಟ್ಟಿಯ ದರ 8 ರೂ., ಹಿಟ್ಟು-ಗ್ಯಾಸ್-ಪ್ಯಾಕಿಂಗ್ 3, ಬಡಿಯುವ ಕೂಲಿ 2. ಉಳಿಯುವುದು 3. ತಿಂಗಳ ಬಾಡಿಗೆ, ಕರೆಂಟು 3,600. ಭಾಗಿಸಿದರೆ 1,200 ರೊಟ್ಟಿ. ತಿಂಗಳಿಗೆ 26 ದಿನ ಕೆಲಸವೆಂದರೆ ದಿನಕ್ಕೆ 47. ಇದನ್ನು ಪೂರ್ತಿ ಬಿಡಿಸಿ ತೋರಿಸಿ. ಎರಡನೆಯ ಲೆಕ್ಕದಲ್ಲಿ ಕೊನೆಯ ಹಂತ ಖಾಲಿ ಬಿಡಿ, ಮೂರನೆಯದರಲ್ಲಿ ಬರೀ ಅಂಕಿ ಕೊಡಿ.

ಆಮೇಲೆ ಕೇಳಬೇಕಾದ್ದು: ನೂರಕ್ಕೆ ಹತ್ತು ರೊಟ್ಟಿ ಸಾಗಿಸುವಾಗ ಮುರಿದರೆ? 1,320 ಎಂದು ಬರೆದುಬಿಡುತ್ತಾರೆ. ಮುರಿದ ರೊಟ್ಟಿಗೂ 5 ರೂ. ಖರ್ಚಾಗಿರುತ್ತದಲ್ಲ! ಮುರಿದದ್ದೂ ಸೇರಿ, ಮಾಡಿದ ಒಂದೊಂದು ರೊಟ್ಟಿಯ ಸರಾಸರಿ ಗಳಿಕೆ 7.20ಕ್ಕೆ ಇಳಿಯುತ್ತದೆ, ಉಳಿಕೆ 2.20. ಬೇಕಾಗುವುದು 1,637 ರೊಟ್ಟಿ. ಆ ತಪ್ಪು ಉತ್ತರವನ್ನೇ ಘಟಕದಲ್ಲಿ ಅಚ್ಚು ಹಾಕಿ, ಎಲ್ಲಿ ಜಾರಿತು ಎಂದು ಹುಡುಕಲು ಬಿಡಿ.

ಇನ್ನೊಂದು, ಅವ್ವ ಬಡಿದರೆ ಕೂಲಿ ಸೊನ್ನೆ ಎಂದು ಹಾಕುತ್ತಾರೆ. ಅದನ್ನು ಒಪ್ಪಲೇಬೇಡಿ. ಆಳು ಇಟ್ಟ ದಿನವೇ ಆ ಲಾಭ ಕರಗುತ್ತದೆ.

ಉತ್ತರ (ಬೆಳಗಾವಿ)
ಲೆಕ್ಕದ ಜೊತೆ ಪೇಟೆ ವಿಚಾರಣೆಯ ಒಂದು ಹಾಳೆ ಇರಲಿ. 'ನಾವು ಕುಂದಾ ಮಾಡಿದರೆ ತಗೋತೀರಾ?' ಎಂದರೆ ಯಾರೂ ಒಲ್ಲೆ ಅನ್ನುವುದಿಲ್ಲ. ಆ ಉತ್ತರ ನಂಬಿ ಬಂಡವಾಳ ಹಾಕಿದರೆ ಮುಳುಗಿದಂತೆ. 'ಹಿಂದಿನ ಸಲ ಯಾವಾಗ ತಗೊಂಡ್ರಿ, ಎಷ್ಟು, ಯಾವ ದರಕ್ಕೆ, ಯಾಕೆ ಆ ಅಂಗಡಿ?' ಈ ನಾಲ್ಕೇ ಸಾಕು. ಹತ್ತು ಜನ, ಬೀಗರು-ಗೆಳೆಯರು ಬಿಟ್ಟು.

ಪ್ರಶ್ನೆ ಕೇಳಿದವರು
ನಕಲು ಹೊಡೆದರೆ? ಉತ್ತರ ಎಲ್ಲಿಡಲಿ?

ಉತ್ತರ (ಬಾಗಲಕೋಟೆ)
ಅಂಕಿ ಅವರವರ ಊರಿನ ಸಂತೆಯದಾಗಿರಲಿ, ತಾರೀಖಿನ ಸಮೇತ. ಇಳಕಲ್ಲಿನವರು ಸೀರೆ, ಗುಳೇದಗುಡ್ಡದವರು ಖಣ, ಇಂಡಿಯವರು ನಿಂಬೆ ಹಿಡಿಯಲಿ. ಒಬ್ಬರ ಉತ್ತರ ಇನ್ನೊಬ್ಬರಿಗೆ ಹೊಂದುವುದಿಲ್ಲ. ಪೆನ್ಸಿಲ್‌ನಲ್ಲಿ ಗೀಚಿದ ಮೂಲ ಹಾಳೆಯ ಫೋಟೋನೇ ಕೇಳಿ. ಪ್ರಶ್ನೆಯ ಕೆಳಗೆ ಬರೀ ಸುಳಿವು, ಬಿಡಿಸಿದ ಉತ್ತರ ಕೊನೆಯ ಪುಟದಲ್ಲಿ. ಕಣ್ಣೆದುರೇ ಇದ್ದರೆ ಓದಿ 'ಗೊತ್ತಾತು' ಅಂದುಕೊಳ್ಳುತ್ತಾರೆ, ಕೈ ಓಡುವುದಿಲ್ಲ.