ಮಿಕ್ಕಿದ್ದು ಎರಡನೇ ಭಾಗದಲ್ಲಿ

ಕಾಫಿ ಬರುವ ಮೊದಲೇ ರಾಯರು ಕಾದು ಕೂತಿದ್ದರು.

"ಮೂರು ಗಂಟೆ ಕಣಯ್ಯ. ಎದ್ದು ಬಚ್ಚಲಿಗೂ ಹೋಗದೆ ನೋಡಿದೆ. ಇನ್ನೇನು ಗುಟ್ಟು ರಟ್ಟಾಗುತ್ತೆ ಅನ್ನೋವಾಗ ಪರದೆ ಕಪ್ಪಾಯ್ತು. ಮಿಕ್ಕಿದ್ದು ಎರಡನೇ ಭಾಗದಲ್ಲಂತೆ! ನನ್ನ ವಯಸ್ಸಿನವರಿಗೆ ಹಾಗೆಲ್ಲ ವಾಯಿದೆ ಹೇಳಬಾರದು."

"ಯಾವ ಸಿನಿಮಾ ರಾಯರೇ?" ಎಂದೆ.

"ಯಾವುದೂಂತ ಹೇಳಲಿ? ಮಗ ಟಿವಿಗೆ ಇರೋ ಬರೋ ಚಂದಾ ಎಲ್ಲ ಕಟ್ಟಿಸಿದ್ದಾನೆ. ಸಲಾರ್ ನೋಡಿದೆ, ಕಲ್ಕಿ ನೋಡಿದೆ, ದೇವರ ನೋಡಿದೆ. ಮೂರೂ ಅರ್ಧಕ್ಕೇ ನಿಂತಿವೆ, ನಮ್ಮ ಬೀದಿ ಚರಂಡಿ ಕೆಲಸದ ಹಾಗೆ. ಆ ದೇವರದಲ್ಲಿ ಮಗನೇ ಅಪ್ಪನಿಗೆ ಇರಿದ ಅಂತಾರೆ. ಯಾಕಪ್ಪ ಅಂದ್ರೆ ಬಾಯಿ ಬಿಡಲ್ಲ. ಇನ್ನೊಬ್ಬ ಕಟ್ಟಪ್ಪ!"

"ಬಾಹುಬಲಿ ಮಾಡಿದ್ದು ತಪ್ಪಾ?" ಎಂದ ಸುಬ್ಬು. ಅವನು ಯಾವಾಗಲೂ ನಿರ್ಮಾಪಕರ ಕಡೆಯ ವಕೀಲ.

"ತಪ್ಪೂಂತ ಅವರಿಗೇ ಗೊತ್ತಾಯ್ತಲ್ಲಯ್ಯ. 2015ರಲ್ಲಿ ಒಂದು, 2017ರಲ್ಲಿ ಒಂದು ಕೊಟ್ರು. ಆಮೇಲೆ 2025ರಲ್ಲಿ ಎರಡನ್ನೂ ಕತ್ತರಿಸಿ, ಹೊಲಿದು, ಒಂದೇ ಮಾಡಿ ಮತ್ತೆ ಥಿಯೇಟರಿಗೆ ಬಿಟ್ರು. ಒಂದೇ ಪಂಚೆ ಮೂರು ಸಲ ಮಾರಿದ ಹಾಗೆ."

ಬೈಟು ಕಾಫಿ ಬಂತು. ಸೀನ ತನ್ನ ಲೋಟ ಎತ್ತಿ, "ಇದು ಸೈಡ್ ಎ, ನಿಮ್ಮದು ಸೈಡ್ ಬಿ" ಎಂದು ನಕ್ಕ. ಮೂರು ತಿಂಗಳಿಂದ ನನಗೆ ಐನೂರು ರೂಪಾಯಿ ಕೊಡಬೇಕು ಅವನು. ಕೇಳಿದಾಗಲೆಲ್ಲ ಚಾಪ್ಟರ್ 2ರಲ್ಲಿ ಬರುತ್ತೆ ಅಂತಾನೆ.

"ಸಪ್ತ ಸಾಗರದಾಚೆ ಎಲ್ಲೋ ನನಗೆ ತುಂಬಾ ಹಿಡಿಸ್ತು" ಎಂದಳು ವಿಶಾಲು. "ಆ ಮನು ಜೈಲಲ್ಲಿ ಕೂತು ಕ್ಯಾಸೆಟ್‌ನಲ್ಲಿ ಅವಳ ದನಿ ಕೇಳ್ತಾನಲ್ಲ, ಕರುಳು ಹಿಂಡಿದ ಹಾಗಾಯ್ತು."

"ಅದನ್ನ ಬಿಡಮ್ಮ, ಅದಕ್ಕೆ ಮಾಫಿ. ಕ್ಯಾಸೆಟ್ಟಿಗೆ ಎರಡು ಮಗ್ಗುಲು ಇರೋದು ನ್ಯಾಯವೇ. ಎರಡೂವರೆ ತಿಂಗಳಲ್ಲಿ ತಿರುಗಿಸಿಯೂ ಹಾಕಿದ್ರು. ಆದರೆ ಕಾಂತಾರದ ಲೆಕ್ಕ ಹೇಳು. 2022ರಲ್ಲಿ ಬಂದಿದ್ದು ಬರೀ ಕಾಂತಾರ. ಮೂರು ವರ್ಷ ಬಿಟ್ಟು ಬಂದಿದ್ದು ಚಾಪ್ಟರ್ 1. ಮೊಮ್ಮಗನ ಮುಂಜಿ ಆದಮೇಲೆ ತಾತನಿಗೆ ನಾಮಕರಣ!"

ನನಗೆ ಆ ರಥದ ಸೀನು ಬಾಯಿ ಬಿಟ್ಟು ನೋಡುವ ಹಾಗಿತ್ತು. ಹಾಗಂತ ಹೇಳಿಯೂ ಹೇಳಿದೆ. "ನಾನೂ ಬಿಟ್ಟೆ ಬಾಯಿ, ಆದರೆ ನಂಬರ್ ನಂಬರೇ" ಅಂದರು.

"ಕಥೆ ದೊಡ್ಡದು ರಾಯರೇ. ಒಂದರಲ್ಲಿ ಹಿಡಿಸಲ್ಲ" ಎಂದ ಸುಬ್ಬು.

ಇದಕ್ಕೇ ಕಾಯುತ್ತಿದ್ದರು ಅಂತ ಕಾಣುತ್ತೆ. ಲೋಟ ಕೆಳಗಿಟ್ಟರು.

"ನಾಗರಹಾವು ನೋಡಿದ್ದೀಯಾ? ತರಾಸು ಬರೆದಿದ್ದು ಮೂರು ಕಾದಂಬರಿ. 1972ರಲ್ಲಿ ಪುಟ್ಟಣ್ಣ ಮೂರನ್ನೂ ಸೇರಿಸಿ ಒಂದೇ ಸಿನಿಮಾ ಮಾಡಿದ್ರು. ಇವತ್ತಾಗಿದ್ರೆ ಅಲಮೇಲುಗೆ ಒಂದು ಭಾಗ, ಮಾರ್ಗರೆಟ್‌ಗೆ ಇನ್ನೊಂದು. ಅದಕ್ಕೂ ಮುಂಚೆ 'ಚಾಮಯ್ಯ: ಚಾಪ್ಟರ್ 1'. ಮೇಷ್ಟ್ರು ಟ್ರೈನಿಂಗ್ ಮುಗಿಸೋದೇ ಮೂರು ಗಂಟೆ. ಇನ್ನು ಓಬವ್ವ ಕಿಂಡಿ ಹತ್ರ ಒನಕೆ ಎತ್ತಿದಲ್ಲಿಗೆ ಪರದೆ ಕಪ್ಪು. ಹೊಡೆಯೋದು ಬರೋ ವರ್ಷ ಸಂಕ್ರಾಂತಿಗೆ! ಅಲ್ಲೀತನಕ ಹೈದರಾಲಿ ಸೈನ್ಯ ಕಿಂಡೀಲಿ ತಲೆ ತೂರಿಸ್ಕೊಂಡು ಕಾಯ್ತಾ ಇರಬೇಕು."

ಪಕ್ಕದ ಮೇಜಿನವರೂ ನಕ್ಕರು.

"ಕೆ.ಜಿ.ಎಫ್. ಎರಡಕ್ಕೆ ಮುಗೀತಲ್ಲ" ಎಂದ ಸೀನ.

"ಎಲ್ಲಿ ಮುಗೀತು? ಹೀರೋ ಚಿನ್ನದ ಸಮೇತ ಸಮುದ್ರದ ತಳ ಸೇರಿದ ಮೇಲೂ ಮೂರನೇದರ ಸುಳಿವು ಕೊಟ್ರಲ್ಲ. ಮುಳುಗಿದೋನನ್ನೂ ಬಿಡಲ್ಲ ಇವರು."

"ಅದಕ್ಕೇ ನನಗೆ ಸು ಫ್ರಮ್ ಸೋ ಇಷ್ಟ" ಎಂದಳು ವಿಶಾಲು. "ಒಂದು ಊರು, ಒಂದು ದೆವ್ವ, ಒಬ್ಬ ರವಿ ಅಣ್ಣ. ನಕ್ಕೂ ನಕ್ಕೂ ಕೊನೇಲಿ ಸುಮ್ನೆ ಕಣ್ಣು ತುಂಬ್ತು."

"ಹೂಂ, ಒಂದೇ ಭಾಗಕ್ಕೆ ಬಿಟ್ಟು ಹೋಯ್ತಲ್ಲ ಆ ದೆವ್ವ, ಮರ್ಯಾದಸ್ಥ ದೆವ್ವ."

ಸುಬ್ಬು ಬಿಡಲಿಲ್ಲ. "ನಿಮ್ಮ ಕಾಲದಲ್ಲೂ ಇತ್ತಲ್ಲ ರಾಯರೇ. ಸಿ.ಐ.ಡಿ. 999 ಅಂತ ರಾಜ್‌ಕುಮಾರ್ ನಾಲ್ಕು ಸಿನಿಮಾ ಮಾಡಿಲ್ವಾ?"

"ಮಾಡಿದ್ರು. ಒಂದೊಂದರಲ್ಲೂ ಕಳ್ಳ ಅಲ್ಲಲ್ಲೇ ಸಿಕ್ಕಿಬೀಳ್ತಿದ್ದ. 999 ಅನ್ನೋದು ಆಸಾಮಿ ನಂಬರ್ ಕಣಯ್ಯ, ಕಂತಿನ ನಂಬರ್ ಅಲ್ಲ" ಎಂದರು. ಆಮೇಲೆ ಯಾಕೋ ದನಿ ಇಳಿಸಿದರು. "ಅದರಲ್ಲಿ ಮೊದಲನೇದು, ಜೇಡರ ಬಲೆ, ನಾನು ನೋಡೇ ಇಲ್ಲ."

"ನೀವಾ?"

"ನಮ್ಮೂರ ಟೆಂಟಿಗೆ ಬಂದಿತ್ತು. ನೆಲದ ಟಿಕೆಟ್ಟಿಗೂ ಕಾಸು ಸಾಲಲಿಲ್ಲ. ಇದ್ದ ಚಿಲ್ಲರೇಲಿ ಹಾಡಿನ ಪುಸ್ತಕ ತಗೊಂಡೆ. ತೆಳ್ಳಗಿನ ಗುಲಾಬಿ ಕಾಗದ, ಬೆವರಿದ ಕೈಗೆ ಮಸಿ ಹತ್ತೋದು. ಅದರಲ್ಲಿ ಮೊದಲು ಕಥೆ ಇರ್ತಿತ್ತು, ಮುಕ್ಕಾಲು ಪಾಲು ಹೇಳಿ, 'ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ' ಅಂತ ನಿಲ್ಲಿಸೋರು. ಆಗ ಪುಸ್ತಕ ಅರ್ಧಕ್ಕೆ ಬಿಡ್ತಿತ್ತು, ಪರದೆ ಮುಗಿಸ್ತಿತ್ತು. ಈಗ ಪರದೇನೇ ಕೈ ಬಿಟ್ರೆ ಎಲ್ಲಿಗೆ ಹೋಗೋದು?"

"ಮತ್ತೆ ಮುಂದೇನಾಯ್ತು ಅಂತ ಗೊತ್ತಾಗಲೇ ಇಲ್ವಾ?" ವಿಶಾಲು ಕೇಳಿದಳು.

"ಮನೇಲಿ ತಂಗಿ ಕಾಯ್ತಿದ್ಲು. ಸಿನಿಮಾ ನೋಡ್ಕೊಂಡು ಬಂದೆ ಅಂತ ಸುಳ್ಳು ಹೇಳಿದ್ದೆ. ಮಿಕ್ಕಿದ್ದನ್ನ ನಾನೇ ಕಟ್ಟಿ ಹೇಳಿದೆ. ಸಿ.ಐ.ಡಿ. ಸ್ಕೂಟರ್ ಹತ್ತಿ ನಮ್ಮೂರ ಕೆರೆ ಏರಿ ಮೇಲೆ ಬಂದ, ಕಳ್ಳರನ್ನೆಲ್ಲ ಹಿಡ್ಕೊಂಡ, ಆಮೇಲೆ ನಮ್ಮನೇಲಿ ಕಾಫಿ ಕುಡಿದು ಹೋದ. ಸಕ್ಕರೆ ಎಷ್ಟು ಹಾಕಿಸ್ಕೊಂಡ ಅಂತ ಕೇಳಿದ್ಲು. ಎರಡು ಚಮಚ ಅಂದೆ."

ಅಷ್ಟರಲ್ಲಿ ಸುಬ್ಬು ಮೊಬೈಲಿನಲ್ಲಿ ಹುಡುಕಾಟ ಶುರು ಮಾಡಿದ್ದ. "ಇಲ್ಲೇ ಸಿಗುತ್ತೆ ರಾಯರೇ, ಇವತ್ತೇ ನೋಡಿಬಿಡಿ."

"ಬೇಡ ಬಿಡಯ್ಯ" ಎಂದು ರಾಯರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿಕೊಂಡರು. "ಅವಳು ಹೋಗಿ ಒಂಬತ್ತು ವರ್ಷ ಆಯ್ತು. ಅಲ್ಲಿ ಬೇರೆ ಥರ ಮುಗಿದಿದ್ರೆ ಈಗ ಯಾರಿಗೆ ಹೇಳಲಿ?"

ಸುಬ್ಬು ಮೊಬೈಲ್ ಬೋರಲು ಹಾಕಿದ. ಆವತ್ತು ಬಿಲ್ಲು ಸೀನ ಕೊಟ್ಟ.