ಸ್ಕಿರ್ಮಿಯಾನ್ ಜಾಲ ಮೂಡುತ್ತಿದೆ, ಹಾಲ್ ವಾಹಕತೆ ಮಾತ್ರ ಸೊನ್ನೆ: ತೊಡಕು ಎಲ್ಲಿದೆ?

ಸುರುಳಿಸ್ಪಿನ್:
ಸ್ಪಿನ್‌ಗಳು (ಪರಮಾಣುಗಳ ಪುಟ್ಟ ಕಾಂತ ಬಾಣಗಳು) ಸುಳಿಯಂತೆ ಸುತ್ತಿಕೊಂಡ ರಚನೆಯೇ ಸ್ಕಿರ್ಮಿಯಾನ್. ಅದನ್ನು ಹುಡುಕಲು ತ್ರಿಕೋನ ಜಾಲರಿಯ ಮೇಲೆ, ಯಾವ ದಿಕ್ಕಿಗೂ ತಿರುಗಬಲ್ಲ ಹೈಸನ್‌ಬರ್ಗ್ ಸ್ಪಿನ್‌ಗಳ ಮಾಂಟೆ ಕಾರ್ಲೊ (ಯಾದೃಚ್ಛಿಕ ಆಯ್ಕೆಯ) ಸಿಮ್ಯುಲೇಷನ್ ನಡೆಸುತ್ತಿದ್ದೇನೆ. ಪಕ್ಕದ ನೆರೆಯ ಸ್ಪಿನ್‌ಗಳ ನಡುವಿನ ವಿನಿಮಯ ಬಲ ಜೆ1 ಫೆರೋಮ್ಯಾಗ್ನೆಟಿಕ್ (ಒಂದೇ ದಿಕ್ಕಿಗೆ ತಿರುಗಿಸುವುದು). ಮೂರನೆಯ ನೆರೆಯ ಜೆ3 ಆಂಟಿಫೆರೋಮ್ಯಾಗ್ನೆಟಿಕ್ (ವಿರುದ್ಧ ದಿಕ್ಕಿಗೆ ತಿರುಗಿಸುವುದು), ಪ್ರಮಾಣದಲ್ಲಿ ಜೆ1ರ ಅರ್ಧ. ಜಾಲರಿ 72×72, ಆವರ್ತಕ ಗಡಿ (ಒಂದು ಅಂಚು ಎದುರಿನ ಅಂಚಿಗೆ ಸೇರಿದೆ), ಕಾಂತಕ್ಷೇತ್ರ ಜಾಲರಿಗೆ ಲಂಬವಾಗಿದೆ. ಸ್ಪಿನ್ ವಿನ್ಯಾಸ ಯಾವ ದಿಕ್ಕಿನಲ್ಲಿ ಮರುಕಳಿಸುತ್ತದೆ ಎಂದು ತೋರಿಸುವ ಸ್ಟ್ರಕ್ಚರ್ ಫ್ಯಾಕ್ಟರ್‌ನಲ್ಲಿ ಆರು ಶಿಖರಗಳು ಸ್ಪಷ್ಟವಾಗಿವೆ. ಆದರೂ ಟೋಪಾಲಾಜಿಕಲ್ ಚಾರ್ಜ್‌ನ (ಸ್ಪಿನ್‌ಗಳು ಒಟ್ಟು ಎಷ್ಟು ಬಾರಿ ಗೋಳವನ್ನು ಸುತ್ತುತ್ತವೆ ಎಂಬ ಲೆಕ್ಕ) ಸರಾಸರಿ ಸೊನ್ನೆ, ಅದರಿಂದ ಬರುವ ಹಾಲ್ ವಾಹಕತೆಯೂ (ವಿದ್ಯುತ್ ಪ್ರವಾಹ ಅಡ್ಡಕ್ಕೆ ವಾಲುವ ಪ್ರಮಾಣ) ಸೊನ್ನೆ. ಕೋಡನ್ನು ಸಾಲುಸಾಲಾಗಿ ನೋಡಿ ಸಾಕಾಗಿದೆ.

ಅಳತೆಗೋಲು:
72 ಎಂಬ ಅಳತೆಯೇ ಸರಿಯಿಲ್ಲ. ಈ ಅನುಪಾತದಲ್ಲಿ ಸುರುಳಿಯ ಆವರ್ತ ಕರಾರುವಾಕ್ಕಾಗಿ 5 ಜಾಲರಿ ಅಂತರ, ಅಂದರೆ ಪ್ರತಿ ಹೆಜ್ಜೆಗೆ 72 ಡಿಗ್ರಿ ತಿರುವು. ಗಡಿಗೆ ಹೊಂದದಿದ್ದರೆ ಜಾಲ ಹರಿದುಹೋಗುತ್ತದೆ.

ಕಾಂತಸೂಚಿ:
ಹಾಗಾದರೆ 5ರ ಗುಣಕವಾದ 75 ಸಾಕಲ್ಲವೇ?

ಅಳತೆಗೋಲು:
ಸಾಲದು. ಸುರುಳಿಯ ದಿಕ್ಕು ಮೊದಲ ಅಕ್ಷದ ಮೇಲಿದ್ದಾಗ, 60 ಡಿಗ್ರಿ ಓರೆಯಾಗಿರುವ ಎರಡನೆಯ ಅಕ್ಷದಲ್ಲಿ ಪ್ರತಿ ಹೆಜ್ಜೆಯ ತಿರುವು 36 ಡಿಗ್ರಿ ಮಾತ್ರ. ಆದ್ದರಿಂದ ಬದಿ 10ರ ಗುಣಕವೇ ಆಗಬೇಕು.

ಕಾಂತಸೂಚಿ:
ನನಗೆ ಅನುಮಾನವಿರುವುದು ಚಾರ್ಜ್ ಲೆಕ್ಕದ ಮೇಲೆ. ಇಷ್ಟು ಚಿಕ್ಕ ಸ್ಕಿರ್ಮಿಯಾನ್‌ಗಳಿಗೆ, ಪಕ್ಕಪಕ್ಕದ ಸ್ಪಿನ್‌ಗಳನ್ನು ಕಳೆದು ಲೆಕ್ಕಿಸುವ ವ್ಯತ್ಯಾಸ ಸೂತ್ರ ನಡೆಯದು. ಪ್ರತಿ ತ್ರಿಕೋನದ ಮೂರು ಸ್ಪಿನ್‌ಗಳು ಮಾಡುವ ಘನಕೋನವನ್ನು ಕೂಡಿಸಬೇಕು, ಮೇಲ್ಮುಖ ಮತ್ತು ಕೆಳಮುಖ ತ್ರಿಕೋನಗಳೆರಡನ್ನೂ ಅಪ್ರದಕ್ಷಿಣವಾಗಿಯೇ ಸುತ್ತಬೇಕು. ಅಷ್ಟಕ್ಕೂ ಶಕ್ತಿಯ ಸೂತ್ರದಲ್ಲಿ ಜ್ಯಾಲೋಶಿನ್ಸ್ಕಿ–ಮೋರಿಯಾ ಪದವಿಲ್ಲದೆ (ವಿಲೋಮ ಸಮ್ಮಿತಿ ಇಲ್ಲದ ಹರಳಿನಲ್ಲಿ ನೆರೆಯ ಸ್ಪಿನ್‌ಗಳನ್ನು ಒಂದೇ ಕಡೆ ತಿರುಚುವ ಬಲ) ಸ್ಕಿರ್ಮಿಯಾನ್ ಎಲ್ಲಿಂದ ಬರಬೇಕು?

ತ್ರಿಕೋನಜಾಲ:
ಆ ಪದ ಇಲ್ಲಿ ಬೇಕಿಲ್ಲ. ಪೈಪೋಟಿಯ ವಿನಿಮಯ ಬಲಗಳು ಮತ್ತು ಉಷ್ಣ ಏರಿಳಿತಗಳೇ ಈ ಮಾದರಿಯಲ್ಲಿ ಸ್ಕಿರ್ಮಿಯಾನ್ ಜಾಲವನ್ನು ನಿಲ್ಲಿಸುತ್ತವೆ ಎಂದು ಓಕುಬೊ, ಚುಂಗ್ ಮತ್ತು ಕಾವಾಮುರಾ 2012ರಲ್ಲೇ ತೋರಿಸಿದ್ದಾರೆ. ನಿಮ್ಮ ತಾಪಮಾನ ಎಷ್ಟು? ಸರಾಸರಿಯನ್ನು ಯಾವುದರ ಮೇಲೆ ತೆಗೆಯುತ್ತಿದ್ದೀರಿ?

ಸುರುಳಿಸ್ಪಿನ್:
ಘನಕೋನ ಸೂತ್ರವನ್ನೇ ಬಳಸಿದ್ದೇನೆ, ಸುತ್ತುವ ದಿಕ್ಕೂ ಸರಿಯಿದೆ. 60×60ರಲ್ಲಿ ಶಿಖರಗಳು ಚೂಪಾದವು, ಚಾರ್ಜ್ ಸೊನ್ನೆಯಿಂದ ಕದಲಲಿಲ್ಲ. ಸರಾಸರಿ ಎಲ್ಲ ರೆಪ್ಲಿಕಾಗಳ (ಬೇರೆ ಬೇರೆ ತಾಪಮಾನದಲ್ಲಿ ಒಟ್ಟಿಗೆ ಓಡುವ ಪ್ರತಿಗಳು) ಮೇಲೆ. ಆ ಪ್ರತಿಗಳ ನಡುವಿನ ತಾಪಮಾನ ವಿನಿಮಯ ಎಲ್ಲರೂ ಮಾಡುವುದೇ ಎಂದು ಬರೆದಿರಲಿಲ್ಲ.

ತ್ರಿಕೋನಜಾಲ:
ಮುಖ್ಯ ಸಂಗತಿ ಅದೇ. ಎಲ್ಲ ಸ್ಪಿನ್‌ಗಳ ವೈ ಘಟಕದ ಚಿಹ್ನೆಯನ್ನು ಒಟ್ಟಿಗೆ ತಿರುಗಿಸಿ ನೋಡಿ: ವಿನಿಮಯ ಶಕ್ತಿಯಾಗಲಿ, ಲಂಬ ಕ್ಷೇತ್ರದ ಶಕ್ತಿಯಾಗಲಿ ಬದಲಾಗುವುದಿಲ್ಲ, ಘನಕೋನದ ಚಿಹ್ನೆ ಮಾತ್ರ ಮಗುಚುತ್ತದೆ. ಹೀಗಾಗಿ ಸ್ಕಿರ್ಮಿಯಾನ್ ಜಾಲಕ್ಕೂ ವಿರುದ್ಧ ಚಾರ್ಜ್‌ನ ಪ್ರತಿಸ್ಕಿರ್ಮಿಯಾನ್ ಜಾಲಕ್ಕೂ ಶಕ್ತಿ ಒಂದೇ, ರೆಪ್ಲಿಕಾಗಳು ಎರಡೂ ಕಡೆ ಹಂಚಿಹೋಗುತ್ತವೆ, ಸರಾಸರಿಯಲ್ಲಿ ಧನ–ಋಣ ರದ್ದಾಗುತ್ತವೆ. ಚಾರ್ಜ್‌ನ ವರ್ಗದ ಸರಾಸರಿ ತೆಗೆಯಿರಿ. ಜೊತೆಗೆ ಒಂದೇ ಸ್ನ್ಯಾಪ್‌ಶಾಟ್‌ನ ಶಿಖರಗಳನ್ನು ಎಣಿಸಿ; ಮೂರು ದಿಕ್ಕಿನ ಸರಳ ಸುರುಳಿಗಳನ್ನು ಸರಾಸರಿ ಮಾಡಿದರೂ ಆರು ಶಿಖರಗಳೇ ಕಾಣುತ್ತವೆ.

ಸುರುಳಿಸ್ಪಿನ್:
ಒಂದೊಂದು ಸ್ನ್ಯಾಪ್‌ಶಾಟ್‌ನಲ್ಲೂ ಆರು ಶಿಖರಗಳಿವೆ. ಕೆಲವದರಲ್ಲಿ ಚಾರ್ಜ್ ಧನ, ಕೆಲವದರಲ್ಲಿ ಋಣ, ಗಾತ್ರ ಹೆಚ್ಚುಕಡಿಮೆ ಒಂದೇ. ಆದರೆ ಗ್ಯಾಡೋಲಿನಿಯಂ, ಪಲ್ಲೇಡಿಯಂ, ಸಿಲಿಕಾನ್‌ಗಳ ಸಂಯುಕ್ತದಲ್ಲಿ 2019ರಲ್ಲಿ ಅಷ್ಟು ದೊಡ್ಡ ಟೋಪಾಲಾಜಿಕಲ್ ಹಾಲ್ ಸಂಕೇತ ಕಂಡಿತಲ್ಲ? ಆ ಹರಳಿಗೂ ವಿಲೋಮ ಸಮ್ಮಿತಿ ಇದೆ (ಕೇಂದ್ರದ ಮೂಲಕ ಮಗುಚಿದರೂ ಹರಳು ಹಾಗೆಯೇ ಇರುತ್ತದೆ).

ತ್ರಿಕೋನಜಾಲ:
ನಿಜವಾದ ಹರಳಿನಲ್ಲಿ ಸ್ಪಿನ್‌ಗಳನ್ನು ಹೀಗೆ ಬೇಕಾದಂತೆ ಮಗುಚಲು ಆಗುವುದಿಲ್ಲ. ಗ್ಯಾಡೋಲಿನಿಯಂನ ಕಾಂತೀಯ ಭ್ರಮಣಾಂಕ ದೊಡ್ಡದು. ಅವುಗಳ ನಡುವಿನ ದ್ವಿಧ್ರುವ ಬಲ ಸ್ಪಿನ್‌ನ ದಿಕ್ಕನ್ನು ಜಾಗದ ದಿಕ್ಕಿಗೆ ಬಿಗಿದು, ಸುಳಿಯಾಕಾರದ ಸ್ಕಿರ್ಮಿಯಾನ್‌ಗೆ ಪ್ರತಿಸ್ಕಿರ್ಮಿಯಾನ್‌ಗಿಂತ ಕಡಿಮೆ ಶಕ್ತಿ ಕೊಡುತ್ತದೆ. ಸುಳಿ ಎಡಕ್ಕಿರಲಿ ಬಲಕ್ಕಿರಲಿ, ಚಾರ್ಜ್ ಒಂದೇ, ಆದ್ದರಿಂದ ಹಾಲ್ ಸಂಕೇತ ಉಳಿಯುತ್ತದೆ. ದ್ವಿಧ್ರುವ ಪದವನ್ನು ಸೇರಿಸುವುದಾದರೆ ನೆರೆಯವರಿಗಷ್ಟೇ ಕತ್ತರಿಸಬೇಡಿ, ದೂರದ ಜೋಡಿಗಳನ್ನೂ ಲೆಕ್ಕಕ್ಕೆ ತರುವ ಎವಾಲ್ಡ್ ಸಂಕಲನವನ್ನೇ ಬಳಸಿ.

ಅಳತೆಗೋಲು:
ದ್ವಿಧ್ರುವ ಪದ ಸೇರಿದರೆ ಆವರ್ತವೂ 5ರಿಂದ ಸ್ವಲ್ಪ ಸರಿಯುತ್ತದೆ, ಆಗ ಬದಿಯ ಅಳತೆಯನ್ನು ಮತ್ತೆ ನೋಡಲೇಬೇಕು.