ವಾಲ್ವಿನ ‘ಲಾಕ್’: ಬೆಣೆ ಅನ್ನಬಹುದಾ?

ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಿಂದ ವಾಲ್ವ್ ಸ್ಪ್ರಿಂಗ್ ಬಿಚ್ಚುವುದು ಹೇಗೆ ಅಂತ ನನ್ನ ತಮ್ಮನಿಗೆ ಎರಡು ಪುಟ ಕನ್ನಡದಲ್ಲಿ ಬರೆದುಕೊಟ್ಟಿದ್ದೆ. ಅವನು ಮನೆಯಲ್ಲೇ ಹೆಡ್ ಇಳಿಸಿಕೊಂಡು ಕೂತಿದ್ದ. ‘ಸ್ಪ್ರಿಂಗ್ ಅದುಮಿ ಲಾಕ್ ತೆಗಿ’ ಅನ್ನುವ ಸಾಲಿನವರೆಗೆ ಚೆನ್ನಾಗಿ ಬಂದ, ಅಲ್ಲಿ ಸಿಕ್ಕಿಕೊಂಡ. ಲಾಕ್ ಅಂದ ಮೇಲೆ ತಿರುಗಿಸಿ ತೆಗೆಯುವಂಥದ್ದು ಇರಬೇಕು ಅಲ್ವಾ? ಸ್ಪ್ರಿಂಗಿನ ಮೇಲಿನ ಬಿಲ್ಲೆಯನ್ನು ಇಕ್ಕಳದಲ್ಲಿ ಹಿಡಿದು ತಿರುವಿದ್ದೇ ತಿರುವಿದ್ದು. ಬಿಲ್ಲೆಯ ಅಂಚಿಗೆ ಗಾಯವಾಯಿತೇ ಹೊರತು ಏನೂ ಕಳಚಲಿಲ್ಲ. ತಪ್ಪು ಅವನದಲ್ಲ, ನಾನು ಬಳಸಿದ ಪದದ್ದು.

ಆ ‘ಲಾಕ್’ ನೋಡದವರಿಗಾಗಿ ಹೇಳುತ್ತೇನೆ. ವಾಲ್ವಿನ ಕಡ್ಡಿಯ ತುದಿಯ ಹತ್ತಿರ ಸುತ್ತಲೂ ಸಣ್ಣ ಕಚ್ಚು ಕೊರೆದಿರುತ್ತಾರೆ. ಆ ಕಚ್ಚಿಗೆ ಎರಡು ಪುಟ್ಟ ಹೋಳುಗಳು ಎರಡೂ ಕಡೆಯಿಂದ ಕೂರುತ್ತವೆ. ಎರಡನ್ನೂ ಸೇರಿಸಿದರೆ ಮೇಲೆ ದಪ್ಪ, ಕೆಳಗೆ ಸಣ್ಣ ಆಗುವ ಕೊಳವೆ. ಬಿಲ್ಲೆಯ ತೂತೂ ಅದೇ ಓರೆಯಲ್ಲಿ ಇರುತ್ತದೆ. ಸ್ಪ್ರಿಂಗ್ ಬಿಲ್ಲೆಯನ್ನು ಮೇಲಕ್ಕೆ ತಳ್ಳಿದಷ್ಟೂ ಹೋಳುಗಳು ಕಡ್ಡಿಯನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ಒಂದು ಹೋಳು ಬೆರಳ ತುದಿಯ ಮೇಲೆ ನಿಲ್ಲುವಷ್ಟು ಚಿಕ್ಕದು, ಆದರೆ ಇಡೀ ಸ್ಪ್ರಿಂಗಿನ ಬಲವನ್ನು ತಡೆದಿರುವುದು ಈ ಜೋಡಿಯೇ.

ಇದಕ್ಕೆ ಹೆಸರಿನ ಕೊರತೆಯಿಲ್ಲ, ಜಾಸ್ತಿಯೇ ಇವೆ. ಲಾಕ್, ಕಾಟರ್, ಕಾಲೆಟ್, ಕೀಪರ್. ‘ಕಾಟರ್’ ನೋಡಿ. ಹಳೆಯ ಸೈಕಲ್ಲಿನ ಪೆಡಲ್ ಕ್ರ್ಯಾಂಕಿಗೆ ಹೊಡೆಯುತ್ತಿದ್ದ ಕಾಟರ್ ಪಿನ್ ನೆನಪಿದೆಯಾ? ಅದರ ಒಂದು ಮಗ್ಗುಲು ಓರೆ. ಹೊಡೆದಷ್ಟೂ ಬಿಗಿ. ಅಂದರೆ ಅದು ಬೆಣೆ. ವಾಲ್ವಿನ ಕಾಟರೂ ಬೆಣೆಯೇ, ದುಂಡಗಿದೆ ಅಷ್ಟೇ. ಅದರ ಓರೆಯನ್ನು 7 ಡಿಗ್ರಿ, 10 ಡಿಗ್ರಿ ಅಂತ ಅಳೆದು ಮಾರುತ್ತಾರೆ. ಒಂದರ ಬಿಲ್ಲೆಗೆ ಇನ್ನೊಂದರದ್ದು ಹೊಂದುವುದಿಲ್ಲ.

‘ಬೆಣೆ’ ನನಗೆ ಇಷ್ಟವಾಗುವುದು ಅದು ಅಚ್ಚಗನ್ನಡ ಅನ್ನುವ ಕಾರಣಕ್ಕಲ್ಲ. ಮುಂದೆ ಏನು ಮಾಡಬೇಕು ಅನ್ನುವುದನ್ನೂ ಆ ಪದವೇ ಹೇಳುತ್ತದೆ. ಬೆಣೆ ಸಿಕ್ಕಿಕೊಂಡರೆ ಯಾರೂ ತಿರುಗಿಸುವುದಿಲ್ಲ, ತಟ್ಟಿ ಸಡಿಲಿಸುತ್ತಾರೆ. ಇಲ್ಲೂ ಹಾಗೇ. ಬಹಳ ದಿನ ಓಡಿದ ಎಂಜಿನ್ನಿನಲ್ಲಿ ಕೆಲವೊಮ್ಮೆ ಸ್ಪ್ರಿಂಗ್ ಅದುಮುವ ಕ್ಲ್ಯಾಂಪ್ ಎಷ್ಟು ಬಿಗಿದರೂ ಬಿಲ್ಲೆ ಕದಲುವುದಿಲ್ಲ. ಆಗ ಕ್ಲ್ಯಾಂಪ್ ಬಿಚ್ಚಿ, ವಾಲ್ವಿನ ಮುಖಕ್ಕೆ ಕೆಳಗಿನಿಂದ ಮರದ ತುಂಡಿನ ಆಸರೆ ಕೊಟ್ಟು, ಕಡ್ಡಿಗೂ ಹೋಳುಗಳಿಗೂ ತಾಗದಷ್ಟು ಅಗಲದ ಗಿಡ್ಡ ಪೈಪನ್ನು ಬಿಲ್ಲೆಯ ಮೇಲಿಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಬೇಕು. ‘ಟಕ್’ ಅಂತ ಬಿಡುತ್ತದೆ. ಮೇಲೆ ಬಟ್ಟೆ ಮುಚ್ಚಿರಲಿ, ಕಣ್ಣಿಗೆ ಕನ್ನಡಕ ಇರಲಿ. ಆ ಹೋಳು ಹಾರಿದರೆ ಎಲ್ಲಿ ಹೋಗುತ್ತದೋ ಹೇಳಲಾಗದು.

ನನಗಿರುವ ಅನುಮಾನ ಇದು. ಬೆಣೆ ಅಂದ ಕೂಡಲೇ ಕೆಲವರಿಗೆ ಮರ ಸೀಳುವ ಬೆಣೆ ಕಣ್ಣಮುಂದೆ ಬರುತ್ತದೆ. ಅದು ಬೇರ್ಪಡಿಸುತ್ತದೆ, ಇದು ಹಿಡಿದಿಡುತ್ತದೆ. ಆದರೆ ಗುದ್ದಲಿಯ ಕಾವು ಅಲುಗಾಡಿದರೆ ಹೊಡೆಯುವುದೂ ಬೆಣೆಯೇ ತಾನೇ? ಹಾಗಾಗಿ ಅರ್ಥ ಕೆಡುವುದಿಲ್ಲ ಅಂತ ನನಗನಿಸುತ್ತದೆ. ‘ಕಡೆಗೀಲು’ ಕೂಡ ಯೋಚಿಸಿದೆ. ಗಾಲಿ ಕಳಚದಂತೆ ತಡೆಯುವ ಕೆಲಸ ಅದರದ್ದೂ ಹೌದು. ಆದರೆ ಕಡೆಗೀಲನ್ನು ಅಡ್ಡಕ್ಕೆ ತೂರಿಸುತ್ತಾರೆ, ಓರೆಯ ಮಾತು ಅದರಲ್ಲಿಲ್ಲ. ಅದಕ್ಕೇ ಬಿಟ್ಟೆ.

‘ಅದುಮು’ ಬಗ್ಗೆಯೂ ಹೇಳಿ. ‘ಒತ್ತು’ ಅಂದರೆ ಒತ್ತಿ ಬಿಟ್ಟರೂ ಆಯಿತು. ಇಲ್ಲಿ ಹೋಳುಗಳನ್ನು ಆಯಸ್ಕಾಂತದಿಂದ ಎತ್ತುವ ತನಕ ಸ್ಪ್ರಿಂಗನ್ನು ಕೆಳಗೇ ಹಿಡಿದಿರಬೇಕು. ‘ಅಮುಕು’ ಅಂದರೆ ನನಗೆ ಕೈಕಾಲು ಅಮುಕುವುದೇ ನೆನಪಾಗುತ್ತದೆ. ‘ಕಂಪ್ರೆಸ್ ಮಾಡು’ ಅಂದಿದ್ದರೆ ತಮ್ಮ ಗಾಳಿ ತುಂಬುವ ಕಂಪ್ರೆಸರ್ ಹುಡುಕುತ್ತಿದ್ದನೋ ಏನೋ. ‘ಅದುಮಿ ಹಿಡಿ’ ನಿಮ್ಮ ಕಿವಿಗೆ ಸರಿ ಕೇಳುತ್ತದಾ?

ಇನ್ನೊಂದು. ಎರಡು ಹೋಳು ಸೇರಿದ್ದನ್ನು ‘ಜೋಡಿಬೆಣೆ’ ಅನ್ನಬಹುದು. ಹಾಗಾದರೆ ಒಂದೇ ಹೋಳನ್ನು ಏನನ್ನೋಣ? ‘ಅರೆಬೆಣೆ’ ಅಂದರೆ ಅರ್ಧ ಮುರಿದ ಬೆಣೆ ಅಂತ ಓದಿಕೊಂಡಾರೆ?